ಕಿರಿಯ ಜಾವಾ, ಹಿರಿಯ ಬುಲೆಟ್

ಒಂದು ಮನೆಯಲ್ಲಿ ಎರಡು ಗಡಿಯಾರಗಳಿರಬಹುದು, ಎರಡು ಬೆಕ್ಕುಗಳಿದ್ದರೂ ಬಾಧಕವಿಲ್ಲ. ಆದರೆ ಎರಡು ಹಳೆಯ ಮೋಟಾರು ಸೈಕಲುಗಳು ಮಾತ್ರ ಇರಕೂಡದೆಂಬುದು ನನ್ನ ಮನೆಯವಳ ಖಚಿತವಾದ ಅಭಿಪ್ರಾಯ. ಅದಕ್ಕೆ ಆಧಾರವಿಲ್ಲದಿಲ್ಲ. ಕದ್ರಿಯ ಸಮೀಪದಲ್ಲಿರುವ ನಮ್ಮ ಬಾಡಿಗೆಯ ಮನೆಯ ಶೆಡ್ಡಿನಲ್ಲಿ ಒಂದು ಗಾಡಿಗಷ್ಟೇ ಸ್ಥಳ. ಇನ್ನೊಂದು ಅಂಗಳದಲ್ಲಿ ನಿಲ್ಲಬೇಕು. ಮಂಗಳೂರಿನ ಮಳೆಗಾಲದಲ್ಲಿ ಅಂಗಳದಲ್ಲಿ ನಿಂತ ಕಬ್ಬಿಣದ ಗತಿಯೇನೆಂಬುದನ್ನು ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯದು ನನ್ನ ತಂದೆಯವರು 1969ರಲ್ಲಿ ಕೊಂಡ ಜಾವಾ 250. ಎರಡನೆಯದು, ಮಕ್ಕಳಿಲ್ಲದ ಸೋದರಮಾವನವರು ತೀರಿಕೊಳ್ಳುವ ಮುನ್ನ ನನ್ನ ಕೈಗೊಪ್ಪಿಸಿದ 1978ರ ಬುಲೆಟ್ 350. ಒಂದರಲ್ಲಿ ಅಪ್ಪನ ನೆನಪು, ಮತ್ತೊಂದರಲ್ಲಿ ಮಾವನ ಮಾತು. ಯಾವುದನ್ನು ಕೊಟ್ಟರೂ ಮನಸ್ಸಿಗೆ ನೋವೇ.

“ನೆನಪನ್ನು ತಕ್ಕಡಿಯಲ್ಲಿ ಹಾಕಬೇಡಿ ಮಾರಾಯ್ರೇ, ದಿನಬಳಕೆಗೆ ಯಾವುದು ಒದಗುತ್ತದೋ ಅದನ್ನು ಇಟ್ಟುಕೊಳ್ಳಿ,” ಎಂದಳು ಆಕೆ. ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಬೋಧಿಸುವ ನನಗೆ ಮನೆಯಲ್ಲಿ ಇಷ್ಟು ಸ್ಪಷ್ಟವಾದ ವಿಮರ್ಶಾಸೂತ್ರ ದೊರೆತದ್ದು ಅದೇ ಮೊದಲು. ಎರಡನ್ನೂ ಒಂದೊಂದು ತಿಂಗಳು ಕಾಲೇಜಿಗೆ ಒಯ್ದು, ಬಳಿಕ ತೀರ್ಮಾನಿಸುವುದೆಂದು ಒಪ್ಪಿದೆ.

ಪರೀಕ್ಷೆಗೆ ಮೊದಲು ಅಭ್ಯರ್ಥಿಗಳ ಕುಲಗೋತ್ರವನ್ನು ಹೇಳುವುದು ಉಚಿತ. ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲನ್ನು ತಯಾರಿಸುವ ಹಕ್ಕನ್ನು ಪಡೆದು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ತನ್ನ ಗಾಡಿಗೆ ಹೆಸರಿಟ್ಟನು. ಅವರ ಉಚ್ಚಾರದ ‘ಯಾವಾ’ ನಮ್ಮಲ್ಲಿ ‘ಜಾವಾ’ ಆಯಿತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಅದರ ತಯಾರಿಕೆ ನಡೆಯಿತು. ಎಪ್ಪತ್ತರ ದಶಕದಲ್ಲಿ ಅದು ಯೆಜ್ದಿ ಎಂಬ ಹೆಸರನ್ನು ತಾಳಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಬುಲೆಟ್ಟಾದರೋ ಇಂಗ್ಲೆಂಡಿನ ರೆಡಿಚ್ ಪಟ್ಟಣದ ಸಂತಾನ. ನಮ್ಮ ಸೈನ್ಯಕ್ಕೆ ಗಡಿಗಾವಲಿಗೆ ಬೇಕಾದ್ದರಿಂದ ಈ ದೇಶಕ್ಕೆ ಬಂದು, 1955ರಲ್ಲಿ ಸ್ಥಾಪನೆಯಾದ ಮದರಾಸಿನ ಎನ್‌ಫೀಲ್ಡ್ ಸಂಸ್ಥೆಯ ಮೂಲಕ ಇಲ್ಲಿಯದೇ ಆಗಿಹೋಯಿತು.

ಎರಡಕ್ಕೂ ಒಂದೊಂದೇ ಸಿಲಿಂಡರು. ಆದರೆ ಸ್ವಭಾವದಲ್ಲಿ ಉತ್ತರ ದಕ್ಷಿಣ. ಜಾವಾದ್ದು ಟೂ ಸ್ಟ್ರೋಕ್ ಯಂತ್ರ: ಚಕ್ರದಂಡ ಒಂದು ಸುತ್ತು ತಿರುಗಿದಾಗಲೆಲ್ಲ ಒಮ್ಮೆ ಇಂಧನ ಉರಿಯುತ್ತದೆ. ಬುಲೆಟ್ಟಿನ ಫೋರ್ ಸ್ಟ್ರೋಕ್ ಯಂತ್ರದಲ್ಲಿ ಎರಡು ಸುತ್ತಿಗೊಮ್ಮೆ. ಆದ್ದರಿಂದಲೇ ಒಂದರದು ಚುರುಕಾದ ಝೇಂಕಾರ, ಇನ್ನೊಂದರದು ಬಿಡಿಬಿಡಿಯಾದ ಗಂಭೀರ ಬಡಿತ. ಜಾವಾ 248 ಸಿ.ಸಿ.ಯದು, ತೂಕ 130 ಕಿಲೋ ಆಸುಪಾಸು. ಬುಲೆಟ್ 346 ಸಿ.ಸಿ.ಯದು, ತೂಕ 160 ಕಿಲೋಗೂ ಮಿಕ್ಕಿ. ಕಾಗದದ ಮೇಲೆ ಮೂವತ್ತು ಕಿಲೋ ಎಂದರೆ ಒಂದು ಸಣ್ಣ ಅಕ್ಕಿಮುಡಿಯಷ್ಟೇ. ರಸ್ತೆಯ ಏರಿನಲ್ಲಿ ಅದರ ಅರ್ಥ ಬೇರೆ.

ಬುಲೆಟ್ಟನ್ನು ಎಬ್ಬಿಸುವುದೇ ಒಂದು ವಿಧಿ. ಡಿಕಂಪ್ರೆಸರ್ ಹಿಡಿಯನ್ನು ಒತ್ತಿ, ಆಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಮೆಲ್ಲನೆ ಇಳಿಸಿ, ಮತ್ತೆ ಮೇಲಕ್ಕೆ ಬಿಟ್ಟು, ಆಮೇಲೆ ಒಂದೇ ಧೈರ್ಯದಲ್ಲಿ ತುಳಿಯಬೇಕು. ಅವಸರಪಟ್ಟವನಿಗೆ ಕಿಕ್ಕರು ಮೊಣಕಾಲಿನ ಕೆಳಗೆ ತಕ್ಕ ಪಾಠ ಕಲಿಸುತ್ತದೆ. ಬೆಳಗಿನ ಒಂಬತ್ತು ಗಂಟೆಯ ತರಗತಿಗೆ ಓಡಬೇಕಾದವನಿಗೆ ಈ ವಿಧಿ ತುಸು ದೀರ್ಘ. ಜಾವಾದಲ್ಲಿ ಕಿಕ್ಕರೂ ಗಿಯರಿನ ಹಿಡಿಯೂ ಒಂದೇ ದಂಡ. ಒತ್ತಿ ತಿರುಗಿಸಿ ತುಳಿದರೆ ಎರಡನೆಯ ಒದೆತಕ್ಕೆ ಗಾಡಿ ಎಚ್ಚರ. ಗಿಯರು ಬದಲಿಸುವಾಗ ಕಾಲಿನ ಒತ್ತಡಕ್ಕೇ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡು ಅದರಲ್ಲಿದೆ. ಹಂಪನಕಟ್ಟೆಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾದಾಗ ಎಡಗೈಯ ಬೆರಳುಗಳು ಅದರ ಉಪಕಾರವನ್ನು ಸ್ಮರಿಸುತ್ತವೆ.

ಇಂದಿನ ಗಾಡಿಗಳಲ್ಲಿ ಕಲಿತವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಹಳೆಯ ಬುಲೆಟ್ಟಿನ ಗಿಯರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಗಾಬರಿಯಾದಾಗ ಬಲಗಾಲು ತನ್ನ ಹಳೆಯ ಅಭ್ಯಾಸದಂತೆ ಬ್ರೇಕನ್ನು ಹುಡುಕಿ, ಗಿಯರನ್ನು ತುಳಿಯುತ್ತದೆ. ಮನೆಯಲ್ಲಿ ಹೊಸ ಬೈಕೂ ಹಳೆಯ ಬುಲೆಟ್ಟೂ ಎರಡೂ ಇರುವವರಿಗೆ ಇದು ದಿನನಿತ್ಯದ ಅಪಾಯ.

ನನ್ನ ಅಪಮಾನದ ದಿನವನ್ನು ಮುಚ್ಚಿಡಲಾರೆ. ಒಂದು ಸಂಜೆ ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಏರನ್ನು ಹತ್ತುತ್ತಿದ್ದೆ. ಹಿಂದೆ ಮನೆಯವಳು, ಅವಳ ಕೈಯಲ್ಲಿ ತರಕಾರಿಯ ಚೀಲ. ಮುಂದಿನ ಬಸ್ಸು ಹಠಾತ್ತನೆ ನಿಂತಿತು. ಬುಲೆಟ್ಟೂ ನಿಂತು ಆರಿತು. ಮತ್ತೆ ಎಬ್ಬಿಸಲು ಬಲಗಾಲನ್ನು ಎತ್ತಿದೆನೋ ಇಲ್ಲವೋ, ಗಾಡಿ ಬಲಕ್ಕೆ ವಾಲಿತು. ಒಂದು ಹಂತದವರೆಗೆ ಮನುಷ್ಯ ಗಾಡಿಯನ್ನು ಹಿಡಿಯುತ್ತಾನೆ. ಆ ಹಂತ ಮೀರಿದರೆ ಗಾಡಿಯೇ ಮನುಷ್ಯನನ್ನು ಹಿಡಿಯುತ್ತದೆ. ಆಕೆ ಸಮಯಕ್ಕೆ ಸರಿಯಾಗಿ ಇಳಿದುಕೊಂಡಿದ್ದಳು. ಬಾಗಿದ್ದು ಕಾಲ್ಮೆಟ್ಟು ಮತ್ತು ನನ್ನ ಪ್ರತಿಷ್ಠೆ. ಗಾಡಿಯನ್ನು ಎತ್ತಿ ನಿಲ್ಲಿಸಿದವರು ನನ್ನ ವಿದ್ಯಾರ್ಥಿಗಳೇ! ಉರುಳಿದ ಬದನೆಕಾಯಿಗಳನ್ನು ಹೆಕ್ಕುತ್ತಾ ಆಕೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಇಷ್ಟರಿಂದಲೇ ಬುಲೆಟ್ಟಿನ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಒಂದು ಭಾನುವಾರ ಮೂಡುಬಿದಿರೆಯ ದಾರಿಯಾಗಿ ಕಾರ್ಕಳಕ್ಕೆ ಹೋಗಿಬಂದೆ. ಊರಿನ ಗದ್ದಲ ಹಿಂದಾದ ಮೇಲೆ ಅದೇ ಗಾಡಿ ಬೇರೆಯೇ ಆಯಿತು. ಟಾಪ್ ಗಿಯರಿನಲ್ಲಿಯೇ ಏರನ್ನು ನುಂಗುತ್ತದೆ. ಅದರ ಭಾರವೇ ರಸ್ತೆಯ ಮೇಲೆ ಭದ್ರತೆಯಾಗುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟರೆ ಯಂತ್ರವೇ ವೇಗವನ್ನು ತಡೆದು ಹಿಡಿಯುತ್ತದೆ. ಜಾವಾದಲ್ಲಿ ಈ ಕೊನೆಯ ಗುಣ ಕಡಿಮೆ. ಮಳೆಯಲ್ಲಿ ಕದ್ರಿ ಗುಡ್ಡವನ್ನಿಳಿಯುವಾಗ, ಡ್ರಮ್ಮಿನೊಳಗೆ ನೀರು ಹೊಕ್ಕ ಬ್ರೇಕುಗಳನ್ನಷ್ಟೇ ನಂಬಿದವನಿಗೆ ಇಷ್ಟದೇವತೆಗಳೆಲ್ಲ ನೆನಪಾಗುತ್ತಾರೆ. ಅದರ ಆರು ವೋಲ್ಟಿನ ದೀಪವಂತೂ ಜುಲೈ ತಿಂಗಳ ಕತ್ತಲೆಯಲ್ಲಿ ತನ್ನ ಇರವನ್ನು ತೋರಿಸುತ್ತದೆಯೇ ಹೊರತು ದಾರಿಯನ್ನಲ್ಲ.

ಜಾವಾದ ಆಹಾರಕ್ರಮವೂ ವಿಶೇಷವಾದದ್ದು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ನಮ್ಮ ಮೆಕ್ಯಾನಿಕರ ಅಳತೆ ಲೀಟರಿಗೆ 40 ಮಿಲಿ ಲೀಟರು. ಕಡಿಮೆಯಾದರೆ ಪಿಸ್ಟನ್ನು ಕಚ್ಚಿ ಹಿಡಿಯುತ್ತದೆ, ಹೆಚ್ಚಾದರೆ ಹಿಂದಿನವರ ಕಣ್ಣಿಗೆ ಹೊಗೆ. ಬಿಡಿಭಾಗಗಳ ವಿಷಯದಲ್ಲಿ ಮಾತ್ರ ಬುಲೆಟ್ಟಿನದೇ ಮೇಲುಗೈ. ದಶಕಗಟ್ಟಲೆ ಹೆಚ್ಚು ಬದಲಾಗದೆ ಬಂದ ಯಂತ್ರವಾದ್ದರಿಂದ ಅದರ ಸಾಮಾನು ಸುಲಭವಾಗಿ ದೊರೆಯುತ್ತದೆ. ಇಂದಿನ ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರುವಂಥದ್ದು. ಹಳೆಯ ಟ್ಯಾಂಕಿಗೂ ರಬ್ಬರಿಗೂ ಅದು ಹಿತವಲ್ಲ. ಈ ಸಂಕಟ ಎರಡಕ್ಕೂ ಸಮಾನ. “ನಿಲ್ಲಿಸಿ ಇಡಬೇಡಿ ಮಾಷ್ಟ್ರೇ, ದಿನಾ ಓಡಿಸಿ. ಓಡುವ ಗಾಡಿಗೆ ತುಕ್ಕು ಹತ್ತಲಿಕ್ಕೆ ಪುರುಸೊತ್ತು ಸಿಗುವುದಿಲ್ಲ,” ಎಂದರು ಮೆಕ್ಯಾನಿಕರು.

ದಿನವೂ ಓಡಿಸಬೇಕೆನ್ನುವವರು ಕಾನೂನನ್ನೂ ತಿಳಿದಿರಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, 50 ವರ್ಷ ಮೀರಿದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಬಿರುದೇನೋ ದೊಡ್ಡದು, ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದ ಕೆಲಸಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕಾಲೇಜಿಗೆ ಹೋಗಬೇಕಾದ ಜಾವಾಕ್ಕೆ ಆ ಸನ್ಮಾನ ಬೇಡವೆಂದು, ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಬಂದಿದ್ದೇನೆ.

ಎರಡು ತಿಂಗಳು ಕಳೆದವು. ದೊಡ್ಡ ಗಾಡಿಯ ಶಕ್ತಿ ಓಡುವಾಗ ತಿಳಿಯುತ್ತದೆ, ಸಣ್ಣ ಗಾಡಿಯ ಗುಣ ನಿಲ್ಲುವಾಗ ತಿಳಿಯುತ್ತದೆ. ಏರುತಗ್ಗುಗಳ ಈ ಊರಿನಲ್ಲಿ ನನ್ನ ದಿನದ ದಾರಿ ಏಳು ಕಿಲೋಮೀಟರು. ಅದರಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆದ್ದರಿಂದ ಶೆಡ್ಡು ಜಾವಾದ ಪಾಲಾಯಿತು.

ಬುಲೆಟ್ಟನ್ನು ಮಾರಲು ಮನಸ್ಸಾಗಲಿಲ್ಲ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ದಿನವೂ ಹೋಗಿಬರುವ ಚಿಕ್ಕಪ್ಪನ ಮಗನಿಗೆ ಅದನ್ನು ಕೊಟ್ಟೆ. ಅವನದು ತೆರೆದ ರಸ್ತೆ, ನನಗಿಂತ ಆರು ಅಂಗುಲ ಎತ್ತರದ ಆಳು. ಒಯ್ಯುವ ದಿನ ಅವನು ಒಂದೇ ಒದೆತಕ್ಕೆ ಗಾಡಿಯನ್ನು ಎಬ್ಬಿಸಿದಾಗ ನನಗೆ ತುಸು ಅಸೂಯೆಯೇ ಆಯಿತು. ಆ ಬಡಿತ ರಸ್ತೆಯ ತಿರುವಿನಾಚೆ ಕರಗುವವರೆಗೂ ಗೇಟಿನ ಬಳಿ ನಿಂತಿದ್ದೆ.

“ಇನ್ನು ತರಕಾರಿಗೆ ಹೋಗುವುದಾದರೆ ನಾನೂ ಬರುತ್ತೇನೆ,” ಎಂದಳು ಮನೆಯವಳು, ಹಿಂದಿನಿಂದ. ಚೀಲ ಆಗಲೇ ಅವಳ ಕೈಯಲ್ಲಿತ್ತು.