ವಯಸ್ಕ ಸಂತಾನವೂ ಅಮೆರಿಕದ ವಲಸೆ ಶಾಸನವೂ

ಕನ್ನಡದಲ್ಲಿ ‘ಮಕ್ಕಳು’ ಎಂಬ ಮಾತಿಗೆ ವಯಸ್ಸಿನ ಎಲ್ಲೆಯಿಲ್ಲ. 80 ವರ್ಷದ ತಾಯಿ ತನ್ನ 60 ವರ್ಷದ ಮಗನನ್ನೂ ಮಕ್ಕಳ ಲೆಕ್ಕದಲ್ಲಿಯೇ ಹೇಳುವಳು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಲಸೆ ಶಾಸನವಾದರೋ ‘ಮಗು’ ಎಂಬುದನ್ನೂ ‘ಮಗ ಅಥವಾ ಮಗಳು’ ಎಂಬುದನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. 21 ವರ್ಷ ತುಂಬದ ಮತ್ತು ವಿವಾಹವಾಗದ ಸಂತಾನ ಮಾತ್ರ ‘ಮಗು’. ಈ ಎರಡು ಲಕ್ಷಣಗಳಲ್ಲಿ ಒಂದು ತಪ್ಪಿದರೂ ಅದು ‘ಮಗ’ ಇಲ್ಲವೆ ‘ಮಗಳು’. ಅಲ್ಲಿ ನೆಲಸಿದ ತಂದೆತಾಯಿಗಳ ವಯಸ್ಕ ಸಂತಾನವು ಖಾಯಂ ನಿವಾಸಕ್ಕಾಗಿ, ಎಂದರೆ ಜನರು ಗ್ರೀನ್ ಕಾರ್ಡ್ ಎಂದು ಕರೆಯುವ ಹಕ್ಕಿಗಾಗಿ, ಅರ್ಜಿ ಹಾಕುವ ವಿಷಯದಲ್ಲಿ ಏಳುವ ತೊಡಕುಗಳಲ್ಲಿ ಬಹುಪಾಲಿಗೆ ಮೂಲವು ಈ ಪರಿಭಾಷೆಯಲ್ಲಿಯೇ ಇದೆ.

ತಂದೆತಾಯಿಗಳು ಅಲ್ಲಿಯೂ ಬೆಳೆದ ಮಗಳು ಇಲ್ಲಿಯೂ ಉಳಿಯುವ ಪ್ರಸಂಗವು ಹೇಗೆ ಒದಗುತ್ತದೆಂದು ಕೆಲವರು ಕೇಳಬಹುದು. ಅಮೆರಿಕದ ಪ್ರಜೆಯಾದ ಅಣ್ಣನು ಭಾರತದಲ್ಲಿರುವ ತಮ್ಮನಿಗಾಗಿ ಸಲ್ಲಿಸಿದ ಅರ್ಜಿಗೆ ಸರದಿ ಬರುವಷ್ಟರಲ್ಲಿ ಹತ್ತು ವರ್ಷಗಳಿಗೂ ಮಿಕ್ಕಿದ ಕಾಲ ಸಂದಿರುತ್ತದೆ. ಅರ್ಜಿಯ ದಿನ ಪ್ರಾಥಮಿಕ ಶಾಲೆಯಲ್ಲಿದ್ದ ತಮ್ಮನ ಮಗಳು ಸರದಿಯ ದಿನ ಪದವೀಧರೆಯಾಗಿರುತ್ತಾಳೆ. ದಂಪತಿಗಳಿಗೆ ವೀಸಾ ದೊರೆಯುತ್ತದೆ, ಅವಳಿಗೆ ದೊರೆಯುವುದಿಲ್ಲ.

ಶಾಸನದ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. 1923ರ ಥಿಂಡ್ ತೀರ್ಪು ಭಾರತೀಯರು ಪೌರತ್ವಕ್ಕೆ ಅನರ್ಹರೆಂದು ಸಾರಿತು. 1924ರ ಅಧಿನಿಯಮವು ಪೌರತ್ವಕ್ಕೆ ಅನರ್ಹರಾದವರ ವಲಸೆಯನ್ನೇ ನಿಷೇಧಿಸಿತು. 1946ರ ಲ್ಯೂಸ್–ಸೆಲ್ಲರ್ ಅಧಿನಿಯಮದಿಂದ ಭಾರತೀಯರಿಗೆ ವರ್ಷಕ್ಕೆ ಕೇವಲ 100 ಸ್ಥಾನಗಳು ಲಭಿಸಿದುವು. ‘ಮಗು’ವಿನ ಮೇಲ್ಕಂಡ ವ್ಯಾಖ್ಯೆಯು 1952ರ ಅಧಿನಿಯಮದಲ್ಲಿದೆ. 1965ರಲ್ಲಿ ಜನಾಂಗಮೂಲದ ಕೋಟಾ ಪದ್ಧತಿಯನ್ನು ರದ್ದುಗೊಳಿಸಿ ಬಂಧುತ್ವಕ್ಕೆ ಪ್ರಾಶಸ್ತ್ಯ ಕೊಡಲಾಯಿತು. ಖಾಯಂ ನಿವಾಸಿಗಳ ಅವಿವಾಹಿತ ಮಗ–ಮಗಳಿಗೆ ಎರಡನೆಯ ಪ್ರಾಶಸ್ತ್ಯ ವರ್ಗದಲ್ಲಿ ಸ್ಥಾನ ದೊರೆಯಿತು. 1990ರ ಅಧಿನಿಯಮವು ಈ ವರ್ಗವನ್ನು ಎರಡಾಗಿ ಸೀಳಿ, ಪತಿಪತ್ನಿಯರನ್ನೂ ‘ಮಗು’ಗಳನ್ನೂ 2ಎ ಎಂದೂ, 21 ವರ್ಷ ತುಂಬಿದ ಅವಿವಾಹಿತ ಮಗ–ಮಗಳನ್ನು 2ಬಿ ಎಂದೂ ವಿಂಗಡಿಸಿತು. ವರ್ಗಕ್ಕೆ ಮೀಸಲಾದ 1,14,200 ವೀಸಾಗಳಲ್ಲಿ 2ಬಿಗೆ ಶೇಕಡ 23ರಷ್ಟು ಮಾತ್ರವೇ ಪಾಲು. ಪ್ರಜೆಗಳ ಅವಿವಾಹಿತ ವಯಸ್ಕ ಸಂತಾನಕ್ಕೆ ಮೊದಲನೆಯ ವರ್ಗದಲ್ಲಿ 23,400, ವಿವಾಹಿತ ಸಂತಾನಕ್ಕೆ ಮೂರನೆಯ ವರ್ಗದಲ್ಲಿ 23,400 ಸ್ಥಾನಗಳಿವೆ. ಖಾಯಂ ನಿವಾಸಿಯ ವಿವಾಹಿತ ಮಗನಿಗಾಗಲಿ ಮಗಳಿಗಾಗಲಿ ಯಾವ ವರ್ಗವೂ ಇಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಅರ್ಜಿಯನ್ನು ಸಲ್ಲಿಸತಕ್ಕವರು ತಂದೆ ಅಥವಾ ತಾಯಿಯೇ ಹೊರತು ಸಂತಾನವಲ್ಲ. ಐ–130 ಎಂಬ ನಮೂನೆಯು ಕಛೇರಿಗೆ ತಲುಪಿದ ದಿನವೇ ಸರದಿಯ ದಿನಾಂಕವಾಗುತ್ತದೆ. ಅರ್ಜಿ ಮಂಜೂರಾದರೂ ಅದರಿಂದ ಆ ದೇಶದಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ. ಬಂಧುತ್ವವು ನಿಜವೆಂದು ಸರ್ಕಾರ ಒಪ್ಪಿದಂತಾಗುತ್ತದೆ, ಅಷ್ಟೆ. ವಿದೇಶಾಂಗ ಇಲಾಖೆಯು ತಿಂಗಳು ತಿಂಗಳೂ ಹೊರಡಿಸುವ ವೀಸಾ ಬುಲೆಟಿನ್ನಿನಲ್ಲಿ ತಮ್ಮ ದಿನಾಂಕ ಬರುವವರೆಗೂ ಕಾದಿರಬೇಕು. ಆ ಮೇಲೆ ಪೋಷಣೆಯ ಹೊಣೆಪತ್ರ, ವೈದ್ಯಪರೀಕ್ಷೆ, ಸಂದರ್ಶನ ಮೊದಲಾದುವು.

ವಯೋಗಣನೆಯ ವಿಷಯವು ಇನ್ನಷ್ಟು ವಿಚಿತ್ರವಾದುದು. ಕಛೇರಿಯ ವಿಳಂಬದಿಂದಾಗಿ ‘ಮಗು’ವಿನ ಸ್ಥಾನವನ್ನು ಕಳೆದುಕೊಳ್ಳುವವರ ರಕ್ಷಣೆಗೆಂದು 2002ರಲ್ಲಿ ಒಂದು ಅಧಿನಿಯಮವು ಜಾರಿಗೆ ಬಂದಿತು. ವೀಸಾ ಲಭ್ಯವಾದ ದಿನದ ವಯಸ್ಸಿನಿಂದ, ಅರ್ಜಿಯು ಕಛೇರಿಯಲ್ಲಿ ತೀರ್ಮಾನವಾಗದೆ ಇದ್ದ ಕಾಲವನ್ನು ಕಳೆಯಬೇಕು. ಉಳಿದದ್ದು 21ಕ್ಕಿಂತ ಕಡಿಮೆಯಾದರೆ ಅವಳು ‘ಮಗು’ವೇ. ಉದಾಹರಣೆಗೆ, ವೀಸಾ ಲಭ್ಯವಾದಾಗ ಹುಡುಗಿಗೆ 21 ವರ್ಷ 10 ತಿಂಗಳು ಎನ್ನೋಣ. ಕಛೇರಿಯು 14 ತಿಂಗಳು ತಡಮಾಡಿದ್ದರೆ ಅವಳ ಶಾಸನಿಕ ವಯಸ್ಸು 20 ವರ್ಷ 8 ತಿಂಗಳು. ಅವಳು 2ಎಯಲ್ಲಿ ಉಳಿಯುತ್ತಾಳೆ. ಅದೇ ಕಛೇರಿಯು ದಕ್ಷತೆಯಿಂದ 3 ತಿಂಗಳಲ್ಲಿ ಕೆಲಸ ಮುಗಿಸಿದ್ದರೆ ವಯಸ್ಸು 21 ವರ್ಷ 7 ತಿಂಗಳಾಗಿ, ಹಳೆಯ ದಿನಾಂಕವನ್ನು ಉಳಿಸಿಕೊಂಡೇ ಆದರೂ, ಅವಳು 2ಬಿಯ ದೀರ್ಘ ಸರದಿಗೆ ಸರಿಯುತ್ತಾಳೆ. ಗುಮಾಸ್ತನ ಸೋಮಾರಿತನವು ಅರ್ಜಿದಾರರಿಗೆ ವರವಾಗುವ ಶಾಸನಗಳು ಲೋಕದಲ್ಲಿ ಹೆಚ್ಚಿರಲಾರವು. ಕಾರಣವಿಷ್ಟೆ: ಕಛೇರಿಯಲ್ಲಿ ಕಳೆದ ಕಾಲವನ್ನು ಶಾಸನವು ಮನ್ನಿಸುತ್ತದೆ, ಸರದಿಯಲ್ಲಿ ಕಳೆದ ಕಾಲವನ್ನು ಮನ್ನಿಸುವುದಿಲ್ಲ. ಈ ರಿಯಾಯಿತಿಯು ಸಲ್ಲಬೇಕಾದರೆ ವೀಸಾ ಲಭ್ಯವಾದ ಒಂದು ವರ್ಷದೊಳಗೆ ಮುಂದಿನ ಹೆಜ್ಜೆಯನ್ನಿಡಬೇಕೆಂಬ ನಿಬಂಧನೆಯೂ ಇದೆ.

ನಮ್ಮವರ ಮಟ್ಟಿಗೆ ಇದಕ್ಕಿಂತಲೂ ಗುರುತರವಾದುದು ವಿವಾಹದ ಪ್ರಶ್ನೆ. 2ಬಿಯಲ್ಲಿ ಕಾಯುತ್ತಿರುವ ಮಗಳು ವಿವಾಹವಾದೊಡನೆ, ತಂದೆಯು ಇನ್ನೂ ಖಾಯಂ ನಿವಾಸಿಯಾಗಿಯೇ ಇದ್ದರೆ, ಅರ್ಜಿಯು ತಾನಾಗಿಯೇ ರದ್ದಾಗುತ್ತದೆ. ಮುಂದೆ ವಿಚ್ಛೇದನವಾದರೂ ಆ ಅರ್ಜಿಗೆ ಮತ್ತೆ ಜೀವ ಬರುವುದಿಲ್ಲ, ಹೊಸದಾಗಿ ಸಲ್ಲಿಸಬೇಕು. ವೀಸಾ ಕೈಗೆ ಬಂದ ಬಳಿಕ, ಆ ದೇಶವನ್ನು ಪ್ರವೇಶಿಸುವುದಕ್ಕೆ ಮುನ್ನ ವಿವಾಹವಾದರೂ ಫಲ ಅದೇ. ಇದಕ್ಕೆ ಬದಲು ತಂದೆಯು ಮೊದಲು ಪೌರತ್ವವನ್ನು ಪಡೆದು ಆಮೇಲೆ ಮಗಳ ಮದುವೆಯಾದರೆ ಅರ್ಜಿಯು ಮೂರನೆಯ ವರ್ಗಕ್ಕೆ ಸೇರಿ, ದಿನಾಂಕವೂ ಉಳಿಯುತ್ತದೆ. ಎರಡು ಘಟನೆಗಳು ಅವೇ. ಹಿಂದುಮುಂದಾದುದರಿಂದ ಒಂದರಲ್ಲಿ ಸರ್ವನಾಶ, ಇನ್ನೊಂದರಲ್ಲಿ ವಿಳಂಬ ಮಾತ್ರ.

ಧಾರೆಯಾಯಿತು, ಆದರೆ ನೋಂದಣಿಯಾಗಲಿಲ್ಲ. ಆದುದರಿಂದ ತಾನು ಅವಿವಾಹಿತೆಯೇ ಎಂದು ವಾದಿಸುವವರುಂಟು. ಈ ವಾದವು ನಿಲ್ಲದು. ಅಮೆರಿಕದ ಅಧಿಕಾರಿಗಳು ಸಾಮಾನ್ಯವಾಗಿ ವಿವಾಹವು ನಡೆದ ಸ್ಥಳದ ಕಾನೂನನ್ನು ನೋಡುತ್ತಾರೆ. ನಮ್ಮ 1955ರ ಹಿಂದೂ ವಿವಾಹ ಅಧಿನಿಯಮದ 7ನೆಯ ಪ್ರಕರಣದ ಮೇರೆಗೆ, ಸಪ್ತಪದಿಯು ವಿಧಿಯ ಅಂಗವಾಗಿರುವಲ್ಲಿ ಏಳನೆಯ ಹೆಜ್ಜೆಯೊಡನೆ ವಿವಾಹವು ಪೂರ್ಣವಾಗುತ್ತದೆ. ನೋಂದಣಿ ಇಲ್ಲವೆಂದ ಮಾತ್ರಕ್ಕೆ ಅದು ಅಸಿಂಧುವಲ್ಲವೆಂದು 8ನೆಯ ಪ್ರಕರಣವು ಹೇಳುತ್ತದೆ. ನಿಶ್ಚಿತಾರ್ಥವು ವಿವಾಹವಲ್ಲ, ಅದಕ್ಕೆ ಅಡ್ಡಿಯಿಲ್ಲ. ಸಂದರ್ಶನದಲ್ಲಿ ವಿವಾಹವನ್ನು ಮರೆಮಾಚಿದವರ ಖಾಯಂ ನಿವಾಸವು, ಅದು ದೊರೆತು ಬಹುಕಾಲವಾದ ಮೇಲೂ, ಪ್ರಶ್ನೆಗೆ ಒಳಗಾಗಬಹುದು. ಹೀಗೆ ದೂರದೇಶದ ಶಾಸನದ ಒಂದು ಉಪವಾಕ್ಯವು ಇಲ್ಲಿಯ ಮನೆಯ ಮುಹೂರ್ತವನ್ನು ವರ್ಷಗಟ್ಟಲೆ ಮುಂದೂಡಿಸುತ್ತದೆ. ಕುಟುಂಬದ ಐಕ್ಯವನ್ನು ಉದ್ದೇಶವಾಗಿ ಘೋಷಿಸಿದ ಶಾಸನವು ಹೊಸ ಕುಟುಂಬವೊಂದು ಹುಟ್ಟದಂತೆ ತಡೆಯುವುದು ಪ್ರಕೃತ ಲೇಖಕನಿಗೆ ಸಮಂಜಸವಾಗಿ ತೋರುವುದಿಲ್ಲ.

ಪೌರತ್ವವೂ ಎಲ್ಲರಿಗೂ ಸಮಾನವಾಗಿ ಲಾಭಕರವಲ್ಲ. ತಂದೆಯು ಪ್ರಜೆಯಾದೊಡನೆ ಅವಿವಾಹಿತ ಮಗನ ಅರ್ಜಿಯು 2ಬಿಯಿಂದ ಮೊದಲನೆಯ ವರ್ಗಕ್ಕೆ ಏರುತ್ತದೆ. ಆದರೆ ಫಿಲಿಪ್ಪೀನ್ಸ್ ದೇಶದವರಿಗೆ ಮೊದಲನೆಯ ವರ್ಗದ ಸರದಿಯೇ ಹೆಚ್ಚು ದೀರ್ಘವಾಗಿದ್ದುದರಿಂದ ಈ ಬಡ್ತಿಯು ಹಿಂಬಡ್ತಿಯಾಗಿ ಪರಿಣಮಿಸುತ್ತಿತ್ತು. ಬೇಡವೆಂದು ಬರೆದುಕೊಟ್ಟು 2ಬಿಯಲ್ಲಿಯೇ ಉಳಿಯುವ ಅವಕಾಶವನ್ನು 2002ರ ಅಧಿನಿಯಮವೇ ಕಲ್ಪಿಸಿತು.

ಇನ್ನು, ಅಣ್ಣನ ಅರ್ಜಿಯಲ್ಲಿ ತಮ್ಮನ ಜೊತೆಗೆ ಹೆಸರಿದ್ದ ಮಗಳು 21 ದಾಟಿದಾಗ, ತಂದೆಯು ಅಲ್ಲಿ ನೆಲಸಿ ಅವಳಿಗಾಗಿ ಸಲ್ಲಿಸುವ ಅರ್ಜಿಗೆ ಆ ಹಳೆಯ ದಿನಾಂಕವು ದೊರೆಯುವುದೇ ಎಂಬ ಪ್ರಶ್ನೆ. 2002ರ ಅಧಿನಿಯಮದ ಒಂದು ವಾಕ್ಯವು ದೊರೆಯುವುದೆಂಬಂತೆ ಇತ್ತು. ಈ ಸಂಬಂಧವಾದ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದರಲ್ಲಿ, ಪ್ರಜೆಯಾದ ಅಜ್ಜಿಯು 1998ರಲ್ಲಿ ತನ್ನ ಮಗಳಿಗಾಗಿ ಅರ್ಜಿ ಹಾಕಿದಾಗ ಮೊಮ್ಮಗನಿಗೆ 13 ವರ್ಷ. ಅರ್ಜಿಯು ಬಹುಬೇಗ ಮಂಜೂರಾಗಿದ್ದುದರಿಂದ ಕಳೆಯುವುದಕ್ಕೆ ಹೆಚ್ಚು ಕಾಲವಿರಲಿಲ್ಲ. 2005ರಲ್ಲಿ ಸರದಿ ಬರುವ ವೇಳೆಗೆ ಅವನಿಗೆ 21 ತುಂಬಿತ್ತು. 2014ರ ಜೂನ್ ತಿಂಗಳಿನಲ್ಲಿ ನ್ಯಾಯಾಲಯವು 5–4ರ ಬಹುಮತದಿಂದ, ಆ ವಾಕ್ಯವು ಅಸ್ಪಷ್ಟವಾಗಿರುವುದರಿಂದ ಸರ್ಕಾರಿ ಮಂಡಲಿಯ ಅರ್ಥೈಕೆಯೇ ಸಲ್ಲತಕ್ಕದ್ದೆಂದು ತೀರ್ಪಿತ್ತಿತು. ಅದರ ಪ್ರಕಾರ ಅಂಥವರಿಗೆ ತಾಯಿ ಅಥವಾ ತಂದೆ ಹೊಸ ಅರ್ಜಿಯನ್ನೇ ಹಾಕಬೇಕು. ಸರದಿಯು ಆ ಹೊಸ ದಿನಾಂಕದಿಂದಲೇ ಮೊದಲಾಗುತ್ತದೆ.