ಗಿಟಾರ್ ಪ್ರತಿಕೃತಿ: ವೆಚ್ಚದ ಲೆಕ್ಕ, ಹಕ್ಕಿನ ಲೆಕ್ಕ

ಲೆಕ್ಕಶಾಸ್ತ್ರವನ್ನು ಅಭ್ಯಾಸ ಮಾಡಿ, ಕೆಲಕಾಲ ಲೆಕ್ಕಿಗರಾಗಿ ದುಡಿದು, ಉದ್ಯೋಗ ಕಳೆದುಕೊಂಡ ಬಳಿಕ 1938ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ದುರಸ್ತಿಯ ಅಂಗಡಿ ತೆರೆದವರು ಲಿಯೊ ಫೆಂಡರ್. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೂ 1950ರಲ್ಲಿ ಅವರು ಮಾರುಕಟ್ಟೆಗೆ ತಂದ ವಿದ್ಯುತ್ ಗಿಟಾರ್‌ನ ಮಾದರಿಯನ್ನು ಇಂದು ಜಗತ್ತಿನಾದ್ಯಂತ ಸಾವಿರಾರು ಹವ್ಯಾಸಿಗಳು ತಮ್ಮ ಮನೆಗಳಲ್ಲಿಯೇ ಮರುಸೃಷ್ಟಿಸುತ್ತಿದ್ದಾರೆ. ಮೇಲ್ನೋಟಕ್ಕೆ ಇದು ಸಂಗೀತಪ್ರಿಯರ ವಿಷಯವೆನಿಸಿದರೂ ವೆಚ್ಚ ನಿರ್ಧಾರ, ಬಿಡಿಭಾಗಗಳ ಏಕರೂಪತೆ, ವ್ಯಾಪಾರ ಚಿಹ್ನೆ ಮುಂತಾದ ನಮ್ಮ ದೈನಂದಿನ ಸಮಸ್ಯೆಗಳೆಲ್ಲವೂ ಇದರಲ್ಲಿ ಅಡಗಿವೆ. ಸಣ್ಣ ಕೈಗಾರಿಕೆಗಳ ಮಾಲೀಕರು ಗಮನಿಸಬೇಕಾದ ಕೆಲವು ಅಂಶಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ನಾಲ್ಕು ತಿರುಪುಗಳ ಕ್ರಾಂತಿ

ಅದುವರೆಗೆ ಗಿಟಾರ್‌ನ ಕೊರಳನ್ನು ಒಡಲಿಗೆ ಅಂಟಿನಿಂದ ಬೆಸೆಯುವುದು ವಾಡಿಕೆಯಾಗಿತ್ತು. ಅದಕ್ಕೆ ನುರಿತ ಕುಶಲಕರ್ಮಿ ಬೇಕು; ಕೊರಳು ಸೊಟ್ಟಗಾದರೆ ರಿಪೇರಿಯೂ ದುಬಾರಿ. ಫೆಂಡರ್ ಅವರು ಒಡಲನ್ನು ಚಪ್ಪಟೆ ಹಲಗೆಯಿಂದ ಕತ್ತರಿಸಿ, ಕೊರಳನ್ನು ನಾಲ್ಕು ತಿರುಪುಗಳಿಂದ ಬಿಗಿದರು. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದಾಯಿತು. ಕಾರ್ಖಾನೆಯ ಅನುಕೂಲಕ್ಕಾಗಿ ರೂಪುಗೊಂಡ ಈ ವಿಧಾನವೇ ಮುಂದೆ ಮನೆಯಲ್ಲಿ ಪ್ರತಿಕೃತಿ ನಿರ್ಮಿಸುವವರಿಗೂ ದಾರಿ ತೆರೆಯಿತು. ಇಂದು ಒಡಲು, ಕೊರಳು, ಪಿಕಪ್, ಬ್ರಿಡ್ಜ್ ಇವೆಲ್ಲವೂ ಬಿಡಿಬಿಡಿಯಾಗಿ ದೊರೆಯುತ್ತವೆ.

ಆದರೆ ಅಳತೆಯಲ್ಲಿ ರಿಯಾಯಿತಿಯಿಲ್ಲ. ಈ ಮಾದರಿಯಲ್ಲಿ ತಂತಿಯ ಕಂಪಿಸುವ ಉದ್ದ ಇಪ್ಪತ್ತೈದೂವರೆ ಅಂಗುಲ, ಅಂದರೆ ಸುಮಾರು 648 ಮಿ.ಮೀ. ಇದನ್ನು 17.817ರಿಂದ ಭಾಗಿಸಿದರೆ ದೊರೆಯುವ 36.4 ಮಿ.ಮೀ. ಮೊದಲ ಫ್ರೆಟ್‌ನ ಸ್ಥಾನ. ಉಳಿದ ಉದ್ದವನ್ನು ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋದಂತೆ ಹನ್ನೆರಡನೆಯ ಫ್ರೆಟ್ ಸರಿಯಾಗಿ ನಡುಮಧ್ಯಕ್ಕೆ, 324 ಮಿ.ಮೀ.ಗೆ ಬಂದು ನಿಲ್ಲುತ್ತದೆ. ಬ್ರಿಡ್ಜ್ ತನ್ನ ಹೊಂದಾಣಿಕೆಯ ಮಿತಿಯನ್ನು ಮೀರಿ ಜರುಗಿದರೆ, ವಾದ್ಯ ಎಷ್ಟೇ ಸುಂದರವಾಗಿದ್ದರೂ ಶ್ರುತಿ ಕೂಡುವುದಿಲ್ಲ.

ಬಣ್ಣವೇ ಬಹುಪಾಲು ಕೆಲಸ

ಜೋಡಣೆಗೆ ಒಂದೆರಡು ದಿನ ಸಾಕು. ಬಣ್ಣಕ್ಕೆ ವಾರಗಳೇ ಬೇಕು. ಆ್ಯಶ್‌ನಂತಹ ತೆರೆದ ರಂಧ್ರಗಳುಳ್ಳ ಮರವಾದರೆ ಮೊದಲು ರಂಧ್ರ ತುಂಬಬೇಕು. ಅನಂತರ ಸೀಲರ್, ಉಪ್ಪುಕಾಗದದ ಉಜ್ಜುವಿಕೆ, ಪ್ರೈಮರ್, ಬಣ್ಣದ ತೆಳುವಾದ ಹಲವು ಲೇಪಗಳು, ಕೊನೆಗೆ ಪಾರದರ್ಶಕ ಲೇಪ ಹಾಗೂ ಹೊಳಪು. ಎನ್.ಸಿ. ಲ್ಯಾಕರ್ ಥಿನ್ನರ್ ಆರುವುದರಿಂದ ಗಟ್ಟಿಯಾಗುತ್ತದೆ. ಹೊಸ ಲೇಪವು ಹಳೆಯದರೊಳಗೆ ಕರಗಿ ಬೆರೆಯುವುದರಿಂದ ದುರಸ್ತಿ ಸುಲಭ, ಆದರೆ ಪೂರ್ತಿ ಗಟ್ಟಿಯಾಗಲು ವಾರಗಳು ಹಿಡಿಯುತ್ತವೆ. ಎರಡು ಡಬ್ಬಿಗಳ ಪಿ.ಯು. ಬಣ್ಣವು ರಾಸಾಯನಿಕ ಕ್ರಿಯೆಯಿಂದ ಬೇಗನೆ ಗಟ್ಟಿಯಾಗುತ್ತದೆ. ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸಿಂಪಡಿಸುವುದು ಮನೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಸಲ್ಲದು.

ಫೆಂಡರ್ ಸಂಸ್ಥೆಯೂ ತನಗಾಗಿ ಪ್ರತ್ಯೇಕ ಬಣ್ಣ ತಯಾರಿಸಲಿಲ್ಲ. ಕಾರುಗಳಿಗೆಂದು ಡ್ಯುಪಾಂಟ್ ಸಂಸ್ಥೆ ಮಾರುತ್ತಿದ್ದ ಬಣ್ಣಗಳನ್ನೇ ಬಳಸಿ, ಗ್ರಾಹಕರು ವಿಶೇಷ ಬಣ್ಣ ಬಯಸಿದರೆ ಶೇಕಡಾ 5ರಷ್ಟು ಹೆಚ್ಚುವರಿ ದರ ವಿಧಿಸಿತು. ಸಿದ್ಧವಸ್ತುವಿನ ಸದುಪಯೋಗಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಬರೆಯದೆ ಉಳಿಯುವ ಖರ್ಚು

ಹವ್ಯಾಸಿಯೊಬ್ಬರು "ಹದಿನೈದು ಸಾವಿರದಲ್ಲಿ ಗಿಟಾರ್ ಮುಗಿಯಿತು" ಎಂದು ಹೇಳಿದರೆ ಅದು ಸಾಮಗ್ರಿಯ ಲೆಕ್ಕ ಮಾತ್ರ. ಸಂಜೆಯ ವೇಳೆಯ ದುಡಿಮೆಗೆ ಅವರು ಬೆಲೆ ಕಟ್ಟುವುದಿಲ್ಲ. ಕಟ್ಟಬೇಕಾಗಿಯೂ ಇಲ್ಲ, ಅದು ಅವರ ಸಂತೋಷ. ಆದರೆ ಅದೇ ಲೆಕ್ಕದ ಮೇಲೆ ಸಣ್ಣ ಉದ್ಯಮಿಯೊಬ್ಬರು ದರಪಟ್ಟಿ ಸಲ್ಲಿಸಿದರೆ ಗತಿಯೇನು? ವಿವರಣೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ:

ಸಾಮಗ್ರಿ – ರೂ. 15,000
ಶ್ರಮ (60 ಗಂಟೆ, ಗಂಟೆಗೆ ರೂ. 150) – ರೂ. 9,000
ಬಾಡಿಗೆ, ವಿದ್ಯುತ್, ಉಪಕರಣಗಳ ಸವಕಳಿ – ರೂ. 3,000
ಒಟ್ಟು – ರೂ. 27,000

ಹತ್ತು ಗಿಟಾರ್‌ಗಳಲ್ಲಿ ಒಂದು ಬಣ್ಣದ ದೋಷದಿಂದ ಮಾರಾಟಕ್ಕೆ ಬಾರದೆ ಹೋಗುವುದು ಸಹಜವೆಂದೂ, ಅದರಿಂದ ಏನೂ ಗಿಟ್ಟುವುದಿಲ್ಲವೆಂದೂ ಭಾವಿಸಿದರೆ, ಹತ್ತರ ಒಟ್ಟು ವೆಚ್ಚ ರೂ. 2,70,000ವನ್ನು ಒಂಬತ್ತೇ ಗಿಟಾರ್‌ಗಳು ಹೊರಬೇಕು. ತಲಾ ವೆಚ್ಚ ರೂ. 30,000. ರೂ. 22,000ಕ್ಕೆ ಮಾರಿ ಏಳು ಸಾವಿರ ಲಾಭವಾಯಿತೆಂದು ಹಿಗ್ಗುವ ಮಾಲೀಕರಿಗೆ ವಾಸ್ತವದಲ್ಲಿ ಎಂಟು ಸಾವಿರ ನಷ್ಟವಾಗಿರುತ್ತದೆ. ಸರಕಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ 2ರ ಪ್ರಕಾರವೂ ಅಸಹಜ ನಷ್ಟವನ್ನು ಮಾತ್ರ ಸರಕಿನ ವೆಚ್ಚದಿಂದ ಹೊರಗಿಡಬೇಕು. ಸಹಜ ನಷ್ಟವು ವೆಚ್ಚದ ಅಂಗವೇ. ಮಗ, ತಮ್ಮ, ಮನೆಯವರು ದುಡಿಯುವ ಘಟಕಗಳಲ್ಲಿ ಅವರ ಶ್ರಮ ಪುಸ್ತಕದಲ್ಲಿ ಕಾಣುವುದೇ ಇಲ್ಲ. ಘಟಕ ವರ್ಷಗಟ್ಟಲೆ ದುಡಿದೂ ಏಕೆ ಬೆಳೆಯಲಿಲ್ಲವೆಂಬ ಪ್ರಶ್ನೆಗೆ ಉತ್ತರ ಅನೇಕ ವೇಳೆ ಈ ಖಾಲಿ ಸಾಲಿನಲ್ಲಿಯೇ ಇರುತ್ತದೆ.

ನೂರಮೂವತ್ತು ಡಾಲರಿನ ಗಿಟಾರ್

ಇದೇ ವಿಷಯದ ಮತ್ತೊಂದು ಮುಖವನ್ನು ತೋರುವವರು ಎಡ್ಡಿ ವ್ಯಾನ್ ಹೇಲನ್ (1955–2020). 1970ರ ದಶಕದ ಮಧ್ಯದಲ್ಲಿ ಅವರು ದೋಷವಿದ್ದ ಕಾರಣ ಅಗ್ಗಕ್ಕೆ ದೊರೆತ ಒಡಲೊಂದನ್ನು 50 ಡಾಲರಿಗೆ, ಕೊರಳನ್ನು 80 ಡಾಲರಿಗೆ ಕೊಂಡು, ಬೇರೊಂದು ಗಿಟಾರ್‌ನ ಪಿಕಪ್ ಅಳವಡಿಸಿದರು. ಮೊದಲು ಕಪ್ಪು ಬಳಿದು, ಅಡ್ಡಾದಿಡ್ಡಿಯಾಗಿ ಟೇಪ್ ಅಂಟಿಸಿ, ಮೇಲೆ ಬಿಳಿ ಸಿಂಪಡಿಸಿ ಟೇಪ್ ಕಿತ್ತರು. 1978ರಲ್ಲಿ ಅವರ ತಂಡದ ಮೊದಲ ಆಲ್ಬಮ್ ಹೊರಬಂದ ಕೂಡಲೇ ಪಟ್ಟೆಗಳ ನಕಲು ಎಲ್ಲೆಡೆ ಕಾಣಿಸಿತು. 1979ರಲ್ಲಿ ಅವರು ಮತ್ತೆ ಟೇಪ್ ಅಂಟಿಸಿ ಸೈಕಲ್ಲಿನ ಕೆಂಪು ಬಣ್ಣ ಬಳಿದರು. 2001ರಲ್ಲಿ ಆ ಪಟ್ಟೆಗಳ ವಿನ್ಯಾಸಕ್ಕೆ ಕೃತಿಸ್ವಾಮ್ಯ ನೋಂದಾಯಿಸಲಾಯಿತು. 2007ರಲ್ಲಿ ಫೆಂಡರ್ ಸಂಸ್ಥೆಯು ಅವರ ಸಹಯೋಗದೊಂದಿಗೆ, ಗೀರು-ಸವೆತಗಳ ಸಮೇತ 300 ಅಧಿಕೃತ ಪ್ರತಿಕೃತಿಗಳನ್ನು ತಲಾ 25,000 ಡಾಲರ್ ಬೆಲೆಗೆ ಬಿಡುಗಡೆ ಮಾಡಿತು. ಪಟ್ಟಿಯ ಬೆಲೆಯಲ್ಲಿ ಅದು 75 ಲಕ್ಷ ಡಾಲರ್. ಮರ, ತಂತಿಗಳಿಗೆ ಈ ಬೆಲೆಯಿಲ್ಲ; ಬೆಲೆ ಹೆಸರಿನದು ಮತ್ತು ಕಾಪಾಡಿಕೊಂಡ ಹಕ್ಕಿನದು.

ಎಲ್ಲಿಯವರೆಗೆ ಪ್ರತಿಕೃತಿ, ಎಲ್ಲಿಂದ ಅಪರಾಧ

ಹೆಸರಿನ ವಿಷಯದಲ್ಲಿ ಸ್ವತಃ ಲಿಯೊ ಫೆಂಡರ್ ಪಾಠ ಕಲಿಯಬೇಕಾಯಿತು. ಅವರ ಎರಡು ಪಿಕಪ್‌ಗಳ ಗಿಟಾರ್‌ನ ಮೊದಲ ಹೆಸರು 'ಬ್ರಾಡ್‌ಕಾಸ್ಟರ್'. ಗ್ರೆಚ್ ಸಂಸ್ಥೆ ಅದೇ ಉಚ್ಚಾರಣೆಯ ಹೆಸರಿನಲ್ಲಿ ಡ್ರಮ್ ಮಾರುತ್ತಿತ್ತು. 1951ರಲ್ಲಿ ಆಕ್ಷೇಪಣೆ ಬಂದಾಗ, ಫೆಂಡರ್ ಸಂಸ್ಥೆ ಲೇಬಲ್ಲಿನಿಂದ ಆ ಹೆಸರನ್ನಷ್ಟೇ ಕತ್ತರಿಸಿ ಕೆಲಕಾಲ ಮಾರಾಟ ಮುಂದುವರಿಸಿ, ಅನಂತರ 'ಟೆಲಿಕಾಸ್ಟರ್' ಎಂಬ ಹೆಸರಿಟ್ಟಿತು. ಆದರೆ ಆಕಾರದ ವಿಷಯದಲ್ಲಿ ಸಂಸ್ಥೆ ದಶಕಗಳ ಕಾಲ ಅನುಕರಣೆಯನ್ನು ತಡೆಯಲಿಲ್ಲ. ಒಡಲಿನ ಆಕಾರಗಳನ್ನು ಚಿಹ್ನೆಯಾಗಿ ನೋಂದಾಯಿಸಲು ಬಹಳ ತಡವಾಗಿ ಹೊರಟಾಗ, ಅವು ಸಾರ್ವತ್ರಿಕವಾಗಿಬಿಟ್ಟಿವೆ ಎಂಬ ಕಾರಣದಿಂದ 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ನಿರಾಕರಿಸಿತು.

ನಮ್ಮಲ್ಲಿಯೂ ಗೆರೆ ಸ್ಪಷ್ಟವಾಗಿದೆ. ವಿನ್ಯಾಸಗಳ ಅಧಿನಿಯಮ, 2000ರ 22ನೇ ಕಲಮು ನೋಂದಾಯಿತ ವಿನ್ಯಾಸವನ್ನು ಮಾರಾಟದ ಉದ್ದೇಶದಿಂದ ಬಳಸುವುದನ್ನು ನಿಷೇಧಿಸುತ್ತದೆ. ಟ್ರೇಡ್ ಮಾರ್ಕ್ಸ್ ಅಧಿನಿಯಮ, 1999ರ 29ನೇ ಕಲಮು ವ್ಯಾಪಾರದ ಸಂದರ್ಭದಲ್ಲಿನ ಬಳಕೆಗೆ ಅನ್ವಯಿಸುತ್ತದೆ. ಆದ್ದರಿಂದ ಸ್ವಂತ ಉಪಯೋಗಕ್ಕಾಗಿ ಮನೆಯಲ್ಲಿ ಗಿಟಾರ್ ನಿರ್ಮಿಸುವುದು ಬೇರೆ. ಪರರ ಹೆಸರಿನ ಸ್ಟಿಕ್ಕರ್ ಅಂಟಿಸಿ ಒಂದೇ ಒಂದನ್ನು ಮಾರುವುದೂ ಬೇರೆ. ಎರಡನೆಯದಕ್ಕೆ ಸೆರೆವಾಸ ಮತ್ತು ದಂಡ ಎರಡೂ ಉಂಟು. "ಗಿರಾಕಿ ಹೇಳಿದರು, ನಾವು ಹಾಕಿಕೊಟ್ಟೆವು" ಎಂಬ ಸಮಜಾಯಿಷಿಯನ್ನು ನಂಬಿ ಜಾಬ್ ವರ್ಕ್ ಒಪ್ಪಿಕೊಳ್ಳುವುದು ಅಪಾಯಕರ.

ಮಲೆನಾಡಿನ ಬೀಟೆ ಮರಕ್ಕೂ ಈ ಉದ್ಯಮಕ್ಕೂ ನೇರ ಸಂಬಂಧವಿದೆ. ಗಿಟಾರ್‌ಗಳ ಬೆರಳುಪಟ್ಟಿಗೆ ಅದು ಜಗತ್ಪ್ರಸಿದ್ಧ. ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವು 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. 2019ರ ನವೆಂಬರ್‌ನಿಂದ ಪೂರ್ಣಗೊಂಡ ವಾದ್ಯಗಳಿಗೂ ಅವುಗಳ ಪೂರ್ಣಗೊಂಡ ಭಾಗಗಳಿಗೂ ವಿನಾಯಿತಿ ದೊರೆತಿದೆ. ದಿಮ್ಮಿ-ಹಲಗೆಗಳಿಗೆ ಅದು ಅನ್ವಯಿಸದು. ಮರ ಕೊಳ್ಳುವಾಗ ಬಿಲ್ಲು, ರಹದಾರಿಗಳನ್ನು ಪಡೆದು ಕಾದಿಡುವುದು ಅತ್ಯಗತ್ಯ.

ಉದ್ಯಮಿಗಳಿಗೆ ಸೂಚನೆ

ಹೊಸ ವಸ್ತುವಿನ ಮೊದಲ ಮಾದರಿಯನ್ನು ತಯಾರಿಸುವಾಗಲೇ ಪ್ರತಿಯೊಬ್ಬರ ಗಂಟೆಗಳನ್ನು, ಮಾಲೀಕರದ್ದನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದಿಡಿ. ಹಾಳಾದ ನಗಗಳನ್ನು ಪ್ರತ್ಯೇಕವಾಗಿ ಎಣಿಸಿ. ನಿಮ್ಮದೇ ವಿನ್ಯಾಸವಾದರೆ ಪ್ರದರ್ಶನಕ್ಕೆ ಇಡುವ ಮೊದಲೇ ನೋಂದಣಿಗೆ ಅರ್ಜಿ ಸಲ್ಲಿಸಿ. ದೊರೆಯುವ ರಕ್ಷಣೆ ಹತ್ತು ವರ್ಷ, ನವೀಕರಿಸಿದರೆ ಮತ್ತೆ ಐದು ವರ್ಷ. ಪರರ ವಿನ್ಯಾಸವಾದರೆ ಹಕ್ಕಿನ ಸ್ಥಿತಿಯನ್ನು ವಿಚಾರಿಸಿದ ಮೇಲೆಯೇ ಮುಂಗಡ ಪಡೆಯಿರಿ. ನಕಲು ಮಾಡಿ ಕೈ ಪಳಗಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಪಳಗಿದ ಕೈಯಿಂದ ಮಾರುಕಟ್ಟೆಗೆ ಹೋಗುವ ವಸ್ತುವಿನ ಮೇಲೆ ನಿಮ್ಮದೇ ಹೆಸರಿರಲಿ.