ಲಾರಿಯ ಎಸಿ ಕಂಪ್ರೆಸರ್: ಬದಲಿಸುವ ಮೊದಲು, ಬದಲಿಸುವಾಗ

ತುಂಗಭದ್ರೆಯ ಎಡದಂಡೆಯ ಹುಲಿಗಿಯು ನಾಡಿಗೆಲ್ಲ ಹುಲಿಗೆಮ್ಮನ ಕ್ಷೇತ್ರವೆಂದು ಪರಿಚಿತವಾಗಿದ್ದರೂ, ಸುತ್ತಮುತ್ತ ಹಾದುಹೋಗುವ ಹೆದ್ದಾರಿಗಳಿಂದಾಗಿ ಅದು ಲಾರಿಗಳ ಸೀಮೆಯೂ ಆಗಿದೆ. ಹೊಸಪೇಟೆಯಿಂದ ನದಿ ದಾಟಿ ಬರುವ ದಾರಿಯು ಇಲ್ಲಿಗೆ ಸಮೀಪದಲ್ಲೇ ಕವಲೊಡೆದು, ಒಂದು ಕೊಪ್ಪಳ, ಗದಗಗಳ ಮೂಲಕ ಹುಬ್ಬಳ್ಳಿಗೂ, ಇನ್ನೊಂದು ಕುಷ್ಟಗಿ, ಇಳಕಲ್ಲುಗಳ ಮೂಲಕ ವಿಜಯಪುರಕ್ಕೂ ಸಾಗುತ್ತದೆ. ಗಂಗಾವತಿ ಮತ್ತು ಕಾರಟಗಿಯ ಅಕ್ಕಿ, ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಕಬ್ಬಿಣ, ಸಂಡೂರಿನ ಅದಿರು ಇವೆಲ್ಲ ಈ ಭಾಗದ ರಸ್ತೆಗಳ ಮೇಲೆಯೇ ಓಡಾಡುತ್ತವೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿಯ ಆಸುಪಾಸಿಗೆ ಏರುವ ಈ ಬಯಲಿನಲ್ಲಿ, ಎಂಜಿನ್ನಿನ ಮೇಲೆಯೇ ಕೂರಿಸಿದ ತಗಡಿನ ಕ್ಯಾಬಿನ್ನಿನೊಳಗೆ ಹಗಲೆಲ್ಲ ಕುಳಿತು ಟನ್ನುಗಟ್ಟಲೆ ಭಾರವನ್ನು ನಡೆಸುವವನಿಗೆ ತಂಪು ಗಾಳಿಯು ಸುಖದ ವಸ್ತುವಲ್ಲ, ಎಚ್ಚರವನ್ನು ಕಾಯುವ ಸಾಧನ.

ಇದನ್ನು ಕಾನೂನು ಒಪ್ಪಿಕೊಂಡದ್ದು ಈಚೆಗೆ. 2023ರ ಜುಲೈನಲ್ಲಿ ಕರಡನ್ನೂ ಅದೇ ವರ್ಷದ ಡಿಸೆಂಬರಿನಲ್ಲಿ ಅಂತಿಮ ಅಧಿಸೂಚನೆಯನ್ನೂ ಹೊರಡಿಸಿದ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು, ಎನ್2 ಮತ್ತು ಎನ್3 ವರ್ಗಗಳ, ಅಂದರೆ ಒಟ್ಟು ತೂಕ 3.5 ಟನ್ನಿಗಿಂತ ಹೆಚ್ಚಿರುವ ಸರಕು ವಾಹನಗಳ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣವನ್ನು ಕಡ್ಡಾಯಗೊಳಿಸಿತು. ಹೊಸದಾಗಿ ತಯಾರಾಗುವ ಲಾರಿಗಳಿಗೆ ಅದು 2025ರಲ್ಲಿ ಜಾರಿಗೆ ಬಂದಿತು. ದಶಕಗಳ ಕಾಲ ಕಿಟಕಿಯ ಬಿಸಿಗಾಳಿಯನ್ನೇ ನೆಚ್ಚಿಕೊಂಡಿದ್ದ ಚಾಲಕರಿಗೆ ಸಲ್ಲಬೇಕಾದದ್ದು ತಡವಾಗಿಯಾದರೂ ಸಂದಿತು ಎಂದೇ ಹೇಳಬೇಕು. ಆದರೆ ಯಂತ್ರವು ಬಂದಲ್ಲಿಗೆ ಅದರ ರಿಪೇರಿಯೂ ಬರುತ್ತದೆ. ಒಂದೇ ಲಾರಿಯನ್ನು ಇಟ್ಟುಕೊಂಡು ತಾನೇ ಓಡಿಸುವ ಮಾಲೀಕನು ದಿನದ ಬಾಡಿಗೆಯನ್ನು ಕಳೆದುಕೊಂಡು ದೊಡ್ಡ ಊರಿನ ವರ್ಕ್‌ಶಾಪಿನ ಮುಂದೆ ಕಾಯುವುದಕ್ಕಿಂತ, ಕೆಲಸ ಬಲ್ಲ ಒಬ್ಬ ಮೆಕ್ಯಾನಿಕನನ್ನು ಜೊತೆಗಿಟ್ಟುಕೊಂಡು ಮನೆಯ ಮುಂದೆಯೇ ಕಂಪ್ರೆಸರ್ ಬದಲಿಸಿಕೊಳ್ಳಲು ಬಯಸುವುದು ಸಹಜವಾಗಿದೆ. ಅದು ಸಾಧ್ಯವೂ ಹೌದು. ಆದರೆ ಕಂಪ್ರೆಸರ್ ತಾನಾಗಿ ಕೆಡುವುದು ಕಡಿಮೆ. ಬಹುಪಾಲು ಅದನ್ನು ಬೇರೆ ಯಾವುದೋ ದೋಷ ಕೆಡಿಸಿರುತ್ತದೆ, ಮತ್ತು ಆ ದೋಷವನ್ನು ಹುಡುಕದೆ ಹೊಸದನ್ನು ಕೂರಿಸಿದರೆ ಹೊಸದಕ್ಕೂ ಹಳೆಯದರ ಗತಿಯೇ ಒದಗುತ್ತದೆ.

ಈ ಮಾತು ಸ್ಪಷ್ಟವಾಗಬೇಕಾದರೆ ಎಸಿಯ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸೂಜಿ ಚುಚ್ಚುವ ಮುನ್ನ ಸವರಿದ ಸ್ಪಿರಿಟ್ ಆರುವಾಗ ಚರ್ಮ ತಣ್ಣಗಾಗುವಂತೆ, ಯಾವುದೇ ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಲಾರಿಯ ಎಸಿಯಲ್ಲಿ ಹೀಗೆ ಆವಿಯಾಗುವ ವಸ್ತುವನ್ನು ಶೀತಕವೆಂದೂ, ಗ್ಯಾರೇಜಿನ ಮಾತಿನಲ್ಲಿ ಗ್ಯಾಸ್ ಎಂದೂ ಕರೆಯುತ್ತಾರೆ. ನಮ್ಮ ರಸ್ತೆಗಳ ಮೇಲಿರುವ ವಾಹನಗಳಲ್ಲಿ ಹೆಚ್ಚಾಗಿ ಕಾಣುವ ಆರ್134ಎ ಎಂಬ ಶೀತಕವು ತೆರೆದ ಗಾಳಿಯಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಅದು ಆವಿಯಾಗಿ ಕ್ಯಾಬಿನ್ನಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಎಳೆದುಕೊಂಡು ಒತ್ತಿ, ಬಿಸಿ ಮಾಡಿ, ಮುಂದೆ ತಳ್ಳುವುದು ಕಂಪ್ರೆಸರ್. ರೇಡಿಯೇಟರಿನ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ತನ್ನ ಶಾಖವನ್ನು ಹೊರಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಅಲ್ಲಿಂದ ತೇವವನ್ನು ಹೀರುವ ಹರಳುಗಳುಳ್ಳ ಡ್ರೈಯರ್ ಎಂಬ ಬಾಟಲಿಯನ್ನೂ, ಸಣ್ಣ ಕಿಂಡಿಯ ಎಕ್ಸ್‌ಪಾನ್ಷನ್ ವಾಲ್ವನ್ನೂ ದಾಟಿ ಕಾಯಿಲ್‌ಗೆ ಮರಳುತ್ತದೆ. ಈ ಸುತ್ತಿನಲ್ಲಿ ತಿರುಗುವ ಭಾರದ ಯಂತ್ರವೆಂದರೆ ಕಂಪ್ರೆಸರ್ ಒಂದೇ, ಮತ್ತು ಅದಕ್ಕೆ ಪ್ರತ್ಯೇಕವಾದ ಎಣ್ಣೆಯ ಹೊಂಡವೇನೂ ಇರುವುದಿಲ್ಲ. ಗ್ಯಾಸಿನ ಜೊತೆಯಲ್ಲೇ ಸುತ್ತುವ ಎಣ್ಣೆಯು ಅದರ ಪಿಸ್ಟನ್ನುಗಳನ್ನು ನೆನೆಸುತ್ತದೆ. ಆದ್ದರಿಂದ ಗ್ಯಾಸ್ ಸೋರಿ ಕಡಿಮೆಯಾದರೆ ತಂಪಷ್ಟೇ ಅಲ್ಲ, ಎಣ್ಣೆಯ ಹರಿವೂ ಕುಂದಿ ಕಂಪ್ರೆಸರ್ ಒಣಗಿ ಸವೆಯುತ್ತದೆ.

ಕಂಪ್ರೆಸರಿಗೆ ಗ್ಯಾಸಿನ ಸೋರಿಕೆ ಮೊದಲ ಶತ್ರುವಾದರೆ ಎರಡನೆಯದು ದೂಳು, ಮತ್ತು ಕೊಪ್ಪಳ ಜಿಲ್ಲೆಯ ಮಟ್ಟಿಗೆ ಅದೇ ಮೊದಲನೆಯದು ಎಂದರೂ ಸಲ್ಲುತ್ತದೆ. ಅದಿರಿನ ಕೆಂಪು ಹುಡಿ, ಭತ್ತದ ಹೊಟ್ಟು, ಅಗಲೀಕರಣದ ರಸ್ತೆಗಳ ಮಣ್ಣು ಇವು ಕಂಡೆನ್ಸರಿನ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಸೇರಿ, ಎಂಜಿನ್ನಿನಿಂದ ಹಾರಿದ ಎಣ್ಣೆಯ ಪಸೆಯೊಂದಿಗೆ ಕೂಡಿ ಗಟ್ಟಿಯಾಗುತ್ತವೆ. ಗಾಳಿ ಹಾಯದಿದ್ದರೆ ಶಾಖ ಹೊರಹೋಗದು, ಶಾಖ ಹೊರಹೋಗದಿದ್ದರೆ ಒತ್ತಡ ಇಳಿಯದು. ಆರ್134ಎ ಶೀತಕವು ಕಂಡೆನ್ಸರಿನಲ್ಲಿ 60 ಡಿಗ್ರಿಯಲ್ಲಿ ದ್ರವವಾಗುತ್ತಿದ್ದರೆ ಅಲ್ಲಿನ ಒತ್ತಡವು ಸುಮಾರು 230 ಪಿಎಸ್‌ಐ, ಅಂದರೆ ಚದರ ಅಂಗುಲವೊಂದಕ್ಕೆ 230 ಪೌಂಡ್ ಇರುತ್ತದೆ; ಕಂಡೆನ್ಸರ್ ಕಟ್ಟಿಕೊಂಡು ಅದೇ ಉಷ್ಣಾಂಶವು 70 ಡಿಗ್ರಿಗೆ ಏರಿದರೆ ಒತ್ತಡವು 290ರ ಸಮೀಪಕ್ಕೆ ಹೋಗುತ್ತದೆ. ಹತ್ತೇ ಡಿಗ್ರಿಯ ಏರಿಕೆಗೆ ಕಂಪ್ರೆಸರ್ ಕಾಲುಪಾಲು ಹೆಚ್ಚಿನ ಒತ್ತಡದ ಎದುರು ದುಡಿಯಬೇಕಾಗುತ್ತದೆ, ಮತ್ತು ಅದನ್ನು ದಿನವೂ ಗಂಟೆಗಟ್ಟಲೆ ದುಡಿಸಿದರೆ ಎಣ್ಣೆ ಸುಟ್ಟು, ಸೀಲುಗಳು ಒರಟಾಗಿ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ಕಂಪ್ರೆಸರಿಗೆ ಸಾವಿರಾರು ರೂಪಾಯಿ ಸುರಿದು ಕಂಡೆನ್ಸರನ್ನು ನೀರಿನಿಂದ ತೊಳೆಯದೆ ಬಿಡುವ ಕೆಲಸವು ಈ ಲೆಕ್ಕದಲ್ಲಿ ಅರ್ಥಹೀನವಾಗುತ್ತದೆ.

ಕಂಪ್ರೆಸರ್ ನಿಜವಾಗಿಯೂ ಕೆಟ್ಟಿದೆಯೇ ಎಂಬ ಪ್ರಶ್ನೆಯನ್ನೂ ಇಲ್ಲಿಯೇ ಇತ್ಯರ್ಥ ಮಾಡಿಕೊಳ್ಳಬೇಕು. ಅದರ ಮುಂಭಾಗದ ಪುಲ್ಲಿಯು ಬೆಲ್ಟಿನೊಡನೆ ಸದಾ ತಿರುಗುತ್ತಿದ್ದರೂ, ಎಸಿ ಸ್ವಿಚ್ ಒತ್ತಿದಾಗ ಅಯಸ್ಕಾಂತದ ಕ್ಲಚ್ ಕಚ್ಚಿಕೊಂಡರೆ ಮಾತ್ರ ಒಳಗಿನ ಶಾಫ್ಟ್ ತಿರುಗುತ್ತದೆ. ಫ್ಯೂಸ್ ಹೋಗಿದ್ದರೂ, ರಿಲೇ ಕೆಟ್ಟಿದ್ದರೂ, ಗ್ಯಾಸ್ ಕಡಿಮೆಯಾಗಿ ಒತ್ತಡದ ಸ್ವಿಚ್ ವಿದ್ಯುತ್ತನ್ನು ತಡೆದಿದ್ದರೂ, ಕ್ಲಚ್ಚಿನ ತಟ್ಟೆ ಸವೆದು ನಡುವಿನ ಅಂತರ ಹೆಚ್ಚಾಗಿದ್ದರೂ ಕ್ಲಚ್ ಕಚ್ಚದು. ಇವುಗಳಲ್ಲಿ ಯಾವುದಕ್ಕೂ ಹೊಸ ಕಂಪ್ರೆಸರ್ ಬೇಕಿಲ್ಲ. ನಿಲ್ಲಿಸಿದ ಲಾರಿಗೆ ಗೇಜ್ ಹಚ್ಚಿ ನೋಡಿದರೂ ಒಂದು ಸುಳಿವು ಸಿಗುತ್ತದೆ: ವ್ಯವಸ್ಥೆಯೊಳಗೆ ಸ್ವಲ್ಪವಾದರೂ ದ್ರವರೂಪದ ಗ್ಯಾಸ್ ಉಳಿದಿದ್ದರೆ, ಎಲ್ಲ ಭಾಗಗಳೂ 40 ಡಿಗ್ರಿಯಷ್ಟು ಕಾದಿರುವಾಗ ಎರಡೂ ಗೇಜುಗಳು ಸುಮಾರು 130 ಪಿಎಸ್‌ಐ ತೋರಿಸಬೇಕು. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಹುಡುಕಬೇಕಾದದ್ದು ಸೋರಿಕೆಯನ್ನು. ಶಾಫ್ಟ್ ಕೈಗೆ ತಿರುಗದಿದ್ದರೆ, ತಿರುಗುವಾಗ ಒಳಗೆ ಕರಕರ ಸದ್ದು ಬಂದರೆ, ಎಂಜಿನ್ ವೇಗ ಹೆಚ್ಚಿಸಿದರೂ ಎರಡು ಬದಿಯ ಒತ್ತಡಗಳ ನಡುವೆ ಅಂತರವೇ ಮೂಡದಿದ್ದರೆ, ಆಗ ಅದನ್ನು ಬಿಚ್ಚಲು ಕಾರಣವಿದೆ.

ಬಿಚ್ಚುವ ಮುನ್ನ ಗ್ಯಾಸನ್ನು ತೆಗೆಯಬೇಕು, ಮತ್ತು ಈ ಒಂದು ಹಂತವನ್ನು ಮನೆಯಲ್ಲಿ ಮಾಡಲಾಗದು ಎಂದು ಖಚಿತವಾಗಿ ಹೇಳಬೇಕಾಗಿದೆ. ಪೈಪ್ ಸಡಿಲಿಸಿ ಗಾಳಿಗೆ ಬಿಡುವ ರೂಢಿಯು ಎಲ್ಲೆಡೆ ಕಂಡುಬರುತ್ತದೆಯಾದರೂ ಅದು ಎರಡು ರೀತಿಯಲ್ಲಿ ಹಾನಿಕರ. ಮೊದಲನೆಯದಾಗಿ, ಚಿಮ್ಮುವ ದ್ರವವು ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಸಿಯಬಲ್ಲದು. ಅದರ ಆವಿಯು ಗಾಳಿಗಿಂತ ಭಾರವಾದ್ದರಿಂದ ಲಾರಿ ಗ್ಯಾರೇಜಿನ ಗುಂಡಿಯೊಳಗೆ ಇಳಿದು ತುಂಬಿಕೊಂಡು, ಒಳಗೆ ನಿಂತವನಿಗೆ ಉಸಿರಾಡಲು ಆಮ್ಲಜನಕವಿಲ್ಲದಂತೆ ಮಾಡುತ್ತದೆ. ಬೆಂಕಿಗೆ ಸಿಕ್ಕರೆ ವಿಷಾನಿಲವಾಗಿ ಒಡೆಯುತ್ತದೆ. ಎರಡನೆಯದಾಗಿ, ಓಜೋನ್ ಪದರವನ್ನು ಹರಿಯುತ್ತಿದ್ದ ಹಳೆಯ ಆರ್12 ಶೀತಕವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಕೈಬಿಟ್ಟು ಅದರ ಜಾಗಕ್ಕೆ ತಂದ ಆರ್134ಎ ಓಜೋನಿಗೆ ಹಾನಿ ಮಾಡದಿದ್ದರೂ, ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ನೂರು ವರ್ಷಗಳ ಲೆಕ್ಕಕ್ಕೆ ಅದರ ಒಂದು ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಈ ವರ್ಗದ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅಂಗೀಕರಿಸಿದೆ. ಆದ್ದರಿಂದ ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬುವ ಯಂತ್ರವುಳ್ಳ ಎಸಿ ಗ್ಯಾರೇಜಿಗೆ ಲಾರಿಯನ್ನು ಒಮ್ಮೆ ಒಯ್ದು ಖಾಲಿ ಮಾಡಿಸಿಕೊಂಡು ಬಂದ ನಂತರವೇ ಪಾನಾ ಹಿಡಿಯಬೇಕು. ಎಸಿ ಲಾರಿ ಕಡ್ಡಾಯವಾದ ಮೇಲೆ ಇಂತಹ ಯಂತ್ರವು ತಾಲ್ಲೂಕಿಗೆ ಒಂದಾದರೂ ಇರಬೇಕಾದುದು ನ್ಯಾಯ.

ಮುಂದಿನ ಕೆಲಸದಲ್ಲಿ ತೋಳಿನ ಬಲಕ್ಕಿಂತ ಶುಚಿಯೇ ಮುಖ್ಯ. ಬ್ಯಾಟರಿಯ ಸಂಪರ್ಕ ತೆಗೆದು, ಕ್ಯಾಬಿನ್ ಮುಂದಕ್ಕೆ ಬಾಗುವ ಲಾರಿಯಾದರೆ ಅದರ ತಡೆಗಂಬಿ ಬಿಗಿಯಾಗಿ ಕೂತಿದೆಯೆಂದು ನೋಡಿಕೊಂಡು, ಬೆಲ್ಟ್ ಸಡಿಲಿಸಿ, ವೈರಿನ ಜೋಡಣೆ ಬಿಡಿಸಿ, ಎರಡು ಪೈಪುಗಳನ್ನು ಕಳಚಿದ ಕ್ಷಣವೇ ಅವುಗಳ ಬಾಯನ್ನು ಮುಚ್ಚಬೇಕು; ಏಕೆಂದರೆ ಈ ಎಸಿಗಳಲ್ಲಿ ಬಳಸುವ ಪಿಎಜಿ ಎಂಬ ಎಣ್ಣೆಯು ಗಾಳಿಯ ತೇವವನ್ನು ಬೇಗನೆ ಹೀರುತ್ತದೆ, ಹಾಗೆ ಸೇರಿದ ನೀರು ಒಳಗೆ ಆಮ್ಲವನ್ನು ಹುಟ್ಟಿಸುತ್ತದೆ, ವಾಲ್ವಿನ ಕಿಂಡಿಯಲ್ಲಿ ಮಂಜಾಗಿ ದಾರಿ ಕಟ್ಟುತ್ತದೆ. ಬೋಲ್ಟುಗಳನ್ನು ಬಿಚ್ಚಿ ಇಳಿಸಿದ ಹಳೆಯ ಕಂಪ್ರೆಸರಿನ ಎಣ್ಣೆಯನ್ನು ಅಳತೆಯ ಪಾತ್ರೆಗೆ ಬಸಿದು ನೋಡುವುದು ಇಡೀ ಕೆಲಸದ ಅತಿ ಮುಖ್ಯ ಗಳಿಗೆ. ಎಣ್ಣೆ ತಿಳಿಯಾಗಿದ್ದರೆ ದೋಷವು ಬಹುಶಃ ಕ್ಲಚ್ಚಿನದೋ ಸೀಲಿನದೋ ಆಗಿರುತ್ತದೆ. ಅದು ಕಪ್ಪಾಗಿ, ಬೆರಳಿಗೆ ಲೋಹದ ಪುಡಿ ಹತ್ತಿದರೆ, ಒಳಗೆ ಮುರಿದ ಚೂರುಗಳು ಆಗಲೇ ಕಂಡೆನ್ಸರಿನವರೆಗೂ ಹರಡಿವೆ ಎಂದರ್ಥ. ಈಗಿನ ಕಂಡೆನ್ಸರುಗಳ ನಾಳಗಳು ಬಹಳ ಸಣ್ಣ ಕಿಂಡಿಗಳುಳ್ಳವಾದ್ದರಿಂದ ತೊಳೆದರೂ ಪೂರ್ತಿ ಶುದ್ಧವಾಗುವುದಿಲ್ಲ, ಹೊಸದನ್ನೇ ಹಾಕಬೇಕಾಗುತ್ತದೆ. ಡ್ರೈಯರನ್ನಂತೂ ಎಣ್ಣೆ ಹೇಗಿದ್ದರೂ ಬದಲಿಸಲೇಬೇಕು, ಏಕೆಂದರೆ ಒಮ್ಮೆ ಗಾಳಿಗೆ ತೆರೆದ ಮೇಲೆ ಅದರ ಹರಳುಗಳಿಗೆ ತೇವ ಹೀರುವ ಶಕ್ತಿ ಉಳಿದಿರುವುದಿಲ್ಲ.

ಹೊಸ ಕಂಪ್ರೆಸರನ್ನು ಅಂಗಡಿಯಲ್ಲಿ ಕೊಳ್ಳುವಾಗ ಕಣ್ಣಿಗೆ ಬೀಳದ ಒಂದು ಭೇದವಿದೆ. ಭಾರಿ ಲಾರಿಗಳ ವಿದ್ಯುತ್ತು ಸಾಮಾನ್ಯವಾಗಿ 24 ವೋಲ್ಟಿನದು, ಕಾರು ಮತ್ತು ಸಣ್ಣ ಸರಕು ಗಾಡಿಗಳದು 12 ವೋಲ್ಟಿನದು. ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಕಂಪ್ರೆಸರುಗಳ ಕ್ಲಚ್ ಸುರುಳಿಯಲ್ಲಿ ಮಾತ್ರ ಈ ವ್ಯತ್ಯಾಸ ಅಡಗಿರುತ್ತದೆ. 12 ವೋಲ್ಟಿನ ಸುರುಳಿಗೆ 24 ವೋಲ್ಟ್ ಕೊಟ್ಟರೆ ಅದರಲ್ಲಿ ನಾಲ್ಕು ಪಟ್ಟು ಶಾಖ ಹುಟ್ಟಿ ಬೇಗನೆ ಸುಟ್ಟುಹೋಗುತ್ತದೆ. ಹಾಗೆಯೇ ಪುಲ್ಲಿಯ ತೋಡುಗಳ ಸಂಖ್ಯೆ, ಪೈಪ್ ಕೂರುವ ದಿಕ್ಕು, ಎಣ್ಣೆಯ ದರ್ಜೆ ಇವೂ ಹಳೆಯದಕ್ಕೆ ಹೊಂದಬೇಕು. ಹೊಸದರೊಳಗೆ ಕಾರ್ಖಾನೆಯಿಂದಲೇ ಎಣ್ಣೆ ತುಂಬಿ ಬಂದಿದ್ದರೆ ಅದನ್ನೂ ಬಸಿದು, ಹಳೆಯದರಲ್ಲಿ ಸಿಕ್ಕ ಅಳತೆಯನ್ನು ಆಧಾರವಾಗಿಟ್ಟುಕೊಂಡು ತಯಾರಕರ ಸೂಚನೆಯಂತೆ ಮರಳಿ ಹಾಕಬೇಕು. ಎಣ್ಣೆ ಹೆಚ್ಚಾದರೆ ತಂಪು ಕುಗ್ಗುತ್ತದೆ, ಕಡಿಮೆಯಾದರೆ ಯಂತ್ರವೇ ಉಳಿಯದು. ಓ ರಿಂಗುಗಳೆಂಬ ರಬ್ಬರ್ ಬಳೆಗಳನ್ನು ಹೊಸದಾಗಿಯೇ, ಎಣ್ಣೆ ಸವರಿಯೇ ಕೂರಿಸಿ, ಬೆಲ್ಟ್ ಹಾಕುವ ಮೊದಲು ಶಾಫ್ಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿದರೆ ಪಿಸ್ಟನ್ನಿನ ತಲೆಯ ಮೇಲೆ ನಿಂತ ಎಣ್ಣೆ ಸರಿದು, ಮೊದಲ ಹೊಡೆತಕ್ಕೇ ಒಳಭಾಗ ಮುರಿಯುವ ಅಪಾಯ ತಪ್ಪುತ್ತದೆ.

ಜೋಡಣೆ ಮುಗಿದ ಮೇಲೆ ಒಣ ಸಾರಜನಕವನ್ನು ತುಂಬಿ, ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡುವುದು ಸರಿಯಾದ ಕ್ರಮ. ಇದಕ್ಕೆ ಪಂಕ್ಚರ್ ಅಂಗಡಿಯ ಗಾಳಿಯನ್ನಾಗಲಿ, ವೆಲ್ಡಿಂಗಿನ ಆಮ್ಲಜನಕವನ್ನಾಗಲಿ ಎಂದಿಗೂ ಬಳಸಕೂಡದು, ಏಕೆಂದರೆ ಮೊದಲನೆಯದು ತೇವವನ್ನು ಒಯ್ಯುತ್ತದೆ, ಎರಡನೆಯದು ಎಣ್ಣೆಯೊಡನೆ ಕೂಡಿ ಸ್ಫೋಟಿಸಬಲ್ಲದು. ಅನಂತರ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆಯಬೇಕು. ಒತ್ತಡ ಇಳಿದಂತೆ ನೀರು ಕಡಿಮೆ ಉಷ್ಣಾಂಶದಲ್ಲೇ ಕುದಿಯುತ್ತದೆ. ಸಮುದ್ರಮಟ್ಟದ ವಾಯುಭಾರವಾದ 760 ಮಿಲಿಮೀಟರ್ ಪಾದರಸದಿಂದ 55ಕ್ಕೆ ಇಳಿಸಿದರೆ 40 ಡಿಗ್ರಿಯಲ್ಲೇ ಅದು ಆವಿಯಾಗಿ ಪಂಪಿನ ಮೂಲಕ ಹೊರಬೀಳುತ್ತದೆ. ಹುಲಿಗಿಯ ಬಿಸಿಲು ಈ ಒಂದು ಕೆಲಸಕ್ಕೆ ಮಾತ್ರ ನೆರವಾಗುತ್ತದೆಯೆನ್ನಬಹುದು. ಆದರೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಪಂಪನ್ನು ಓಡಿಸಿ, ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಕದಲದೆ ನಿಲ್ಲುತ್ತದೆಯೇ ಎಂದು ಕಾದು ನೋಡಬೇಕು.

ಗ್ಯಾಸ್ ತುಂಬುವುದು ತೂಕದ ಲೆಕ್ಕದಲ್ಲಿ, ವಾಹನದ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಷ್ಟೇ. ಎಂಜಿನ್ ಓಡುತ್ತಿರುವಾಗ ಕಡಿಮೆ ಒತ್ತಡದ, ಅಂದರೆ ಗೇಜಿನ ನೀಲಿ ಪೈಪಿನ ಬದಿಯಿಂದ ಆವಿಯ ರೂಪದಲ್ಲಿ ಮಾತ್ರ ತುಂಬಬೇಕು; ಕೆಂಪು ಪೈಪಿನ ವಾಲ್ವನ್ನು ಆಗ ತೆರೆದರೆ ಹೆಚ್ಚಿನ ಒತ್ತಡವು ಹಿಮ್ಮುಖವಾಗಿ ನುಗ್ಗಿ ಗ್ಯಾಸಿನ ಡಬ್ಬಿಯೇ ಸಿಡಿಯಬಹುದು. ಅಗ್ಗದ ಗ್ಯಾಸಿನ ಆಸೆಯೂ ಇಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. 2011ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ಗಳಲ್ಲಿ ಹಡಗಿನ ಶೀತಲ ಕಂಟೇನರುಗಳ ಯಂತ್ರಗಳು ಸಿಡಿದು ಕೆಲಸಗಾರರು ಸತ್ತಾಗ, ಆರ್134ಎ ಹೆಸರಿನಲ್ಲಿ ಮಾರಿದ ಕಲಬೆರಕೆ ಗ್ಯಾಸಿನಲ್ಲಿದ್ದ ಮೀಥೈಲ್ ಕ್ಲೋರೈಡ್ ಎಂಬ ರಾಸಾಯನಿಕವು ಕಂಪ್ರೆಸರಿನ ಅಲ್ಯೂಮಿನಿಯಮ್ಮಿನೊಡನೆ ಕೂಡಿ, ಗಾಳಿ ತಗುಲಿದೊಡನೆ ಹೊತ್ತಿಕೊಳ್ಳುವ ವಸ್ತುವಾಗಿ ಮಾರ್ಪಟ್ಟಿತ್ತೆಂಬುದು ಪತ್ತೆಯಾಯಿತು. ಲಾರಿಯ ಕಂಪ್ರೆಸರಿನ ಮೈಯೂ ಅಲ್ಯೂಮಿನಿಯಮ್ಮಿನದೇ. ಬಿಲ್ಲಿಲ್ಲದ, ಸೀಲ್ ಒಡೆದ ಸಿಲಿಂಡರನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದು.

ಕೆಲಸ ಮುಗಿದ ಮೊದಲ ವಾರದೊಳಗೆ ಬೆಲ್ಟಿನ ಬಿಗಿತವನ್ನೂ ಕೀಲುಗಳನ್ನೂ ಮತ್ತೊಮ್ಮೆ ನೋಡಿ, ಅದಿರು ಅಥವಾ ಭತ್ತ ಸಾಗಿಸುವ ಲಾರಿಯಾದರೆ ಸುಗ್ಗಿಯ ದಿನಗಳಲ್ಲಿ ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ಕಂಡೆನ್ಸರನ್ನು ಕಡಿಮೆ ರಭಸದ ನೀರಿನಿಂದ, ರೆಕ್ಕೆಗಳು ಮಡಚಿಕೊಳ್ಳದಂತೆ, ಎಂಜಿನ್ನಿನ ಬದಿಯಿಂದ ಹೊರಮುಖವಾಗಿ ತೊಳೆಯುತ್ತಿರಬೇಕು.